ಪರಸ್ಪರ ಒಪ್ಪಿಗೆಯ ವಿಚ್ಛೇದನ: ಅರ್ಜಿಗಿಂತ ಮೊದಲು ರಾಜಿ ಪತ್ರ

"ಇಬ್ಬರೂ ಒಪ್ಪಿದ್ದೇವೆ, ಜಗಳವೇನೂ ಇಲ್ಲ, ಎಷ್ಟು ದಿನದಲ್ಲಿ ಮುಗಿಯುತ್ತದೆ?" ವಿಚ್ಛೇದನದ ಪ್ರಕರಣಗಳನ್ನು ನಡೆಸುವ ವಕೀಲರಿಗೆ ಇಷ್ಟು ಸಲ ಎದುರಾಗುವ ಪ್ರಶ್ನೆ ಇನ್ನೊಂದಿಲ್ಲ. ಅದರ ಬೆನ್ನಿಗೇ ಎರಡನೆಯದು ಬರುತ್ತದೆ: "ಆರು ತಿಂಗಳು ಕಾಯಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆಯಂತಲ್ಲ?" ಪತ್ರಿಕೆಯ ತಲೆಬರಹವನ್ನು ಓದಿ ಬಂದವರಿಗೆ ತೀರ್ಪಿನ ಒಳಗಿರುವ ಷರತ್ತುಗಳು ತಿಳಿದಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎಷ್ಟು ದಿನ ಎಂದು ಕೇಳುವವರಲ್ಲಿ ಹೆಚ್ಚಿನವರು ಯಾವುದಕ್ಕೆಲ್ಲ ಒಪ್ಪಿದ್ದೇವೆ ಎಂಬುದನ್ನು ಇನ್ನೂ ಕಾಗದದ ಮೇಲೆ ಬರೆದಿರುವುದಿಲ್ಲ. ಬೇರೆಯಾಗಲು ಒಪ್ಪುವುದು ಒಂದು ಮಾತು. ಹಣ, ಮನೆ, ಮಗು, ಬಾಕಿ ಇರುವ ಕೇಸುಗಳ ಬಗ್ಗೆ ಒಪ್ಪುವುದು ಬೇರೆಯೇ ಮಾತು. ನಾನು ಕಂಡಂತೆ ಇಂಥ ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಈ ಎರಡನೆಯದರಲ್ಲಿ.

ಈ ಮಾರ್ಗದರ್ಶಿ ಹಿಂದೂ ವಿವಾಹ ಕಾಯ್ದೆ, 1955ರ 13ಬಿ ಕಲಮಿನ ಅಡಿಯಲ್ಲಿ ಕರ್ನಾಟಕದಲ್ಲಿ ಸಲ್ಲಿಸುವ ಅರ್ಜಿಗೆ ಸಂಬಂಧಿಸಿದ್ದು. ಈ ಕಲಮು 1976ರ ತಿದ್ದುಪಡಿಯಿಂದ ಕಾಯ್ದೆಗೆ ಸೇರಿತು. ಹಿಂದೂಗಳೊಂದಿಗೆ ಜೈನ, ಬೌದ್ಧ, ಸಿಖ್ಖರಿಗೂ ಅನ್ವಯಿಸುತ್ತದೆ. ರಿಜಿಸ್ಟ್ರಾರ್ ಮುಂದೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಆ ಕಾಯ್ದೆಯ 28ನೇ ಕಲಮು ಬಹುಮಟ್ಟಿಗೆ ಇದೇ ದಾರಿಯನ್ನು ತೋರುತ್ತದೆ. ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆಯ 10ಎ ಕಲಮು ಇದೆ. ಅದರ ಪಠ್ಯದಲ್ಲಿ ಎರಡು ವರ್ಷಗಳ ಪ್ರತ್ಯೇಕ ವಾಸ ಎಂದಿದ್ದರೂ ಕರ್ನಾಟಕ ಹೈಕೋರ್ಟು ಅದನ್ನು ಒಂದು ವರ್ಷವೆಂದು ಓದಿಕೊಳ್ಳಬೇಕೆಂದು ತೀರ್ಪು ನೀಡಿದೆ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾಗುವುದಕ್ಕೆ ಮುಬಾರತ್ ಎಂಬ ಕ್ರಮವಿದೆ. ಅದರ ವಿಧಾನ ಬೇರೆಯಾದ್ದರಿಂದ ಇಲ್ಲಿ ವಿವರಿಸಿಲ್ಲ.

ಮೊದಲ ಹಂತ: ನಿಮಗೆ ಈ ದಾರಿ ತೆರೆದಿದೆಯೇ ಎಂದು ನೋಡಿಕೊಳ್ಳಿ

ಕಲಮು ಮೂರು ಸಂಗತಿಗಳನ್ನು ಕೇಳುತ್ತದೆ. ಅರ್ಜಿ ಸಲ್ಲಿಸುವ ದಿನಕ್ಕೆ ನೀವಿಬ್ಬರೂ ಕನಿಷ್ಠ ಒಂದು ವರ್ಷದಿಂದ ಪ್ರತ್ಯೇಕವಾಗಿ ವಾಸಿಸುತ್ತಿರಬೇಕು, ಒಟ್ಟಿಗೆ ಬಾಳಲು ಸಾಧ್ಯವಾಗಿರಬಾರದು, ಮದುವೆಯನ್ನು ಕೊನೆಗೊಳಿಸಲು ಪರಸ್ಪರ ಒಪ್ಪಿರಬೇಕು.

ಪ್ರತ್ಯೇಕ ವಾಸವೆಂದರೆ ಬೇರೆ ಬೇರೆ ಮನೆಗಳಲ್ಲಿ ಇರಲೇಬೇಕೆಂದಲ್ಲ. ಗಂಡ ಹೆಂಡತಿಯಾಗಿ ಬಾಳದೇ ಇರುವುದು ಇಲ್ಲಿ ಮುಖ್ಯ, ಒಂದೇ ಸೂರಿನಡಿ ಇದ್ದೂ ಪ್ರತ್ಯೇಕವಾಗಿರಬಹುದು ಎಂದು ಸುಪ್ರೀಂ ಕೋರ್ಟು ಸುರೇಷ್ಟಾ ದೇವಿ ಪ್ರಕರಣದಲ್ಲಿ 1991ರಲ್ಲೇ ಸ್ಪಷ್ಟಪಡಿಸಿತು. ಬೆಂಗಳೂರಿನಂಥ ನಗರದಲ್ಲಿ ಎರಡು ಬಾಡಿಗೆ ಕಟ್ಟಲಾಗದೆ ಒಂದೇ ಮನೆಯ ಎರಡು ಕೋಣೆಗಳಲ್ಲಿ ಇರುವ ದಂಪತಿಗಳಿಗೆ ಇದು ದೊಡ್ಡ ಸಮಾಧಾನ. ಆದರೆ ಅರ್ಜಿಯಲ್ಲಿ ಅದನ್ನು ಇದ್ದದ್ದು ಇದ್ದಂತೆಯೇ ಬರೆಯಬೇಕು. ಒಂದೇ ವಿಳಾಸದ ಆಧಾರ್ ಕಾರ್ಡುಗಳನ್ನು ಹಾಜರುಪಡಿಸಿ ಬೇರೆ ಬೇರೆ ಊರುಗಳಲ್ಲಿದ್ದೆವು ಎಂದು ಹೇಳಿಕೆ ಕೊಟ್ಟರೆ ನ್ಯಾಯಾಧೀಶರ ಮೊದಲ ಪ್ರಶ್ನೆಗೇ ನೀವು ತಡವರಿಸುತ್ತೀರಿ.

ಎಚ್ಚರಿಕೆ: ಛಾಪಾ ಕಾಗದದ ಮೇಲೆ ನೋಟರಿಯಿಂದ ಮಾಡಿಸಿದ 'ವಿಚ್ಛೇದನ ಕರಾರು' ಮದುವೆಯನ್ನು ಮುರಿಯುವುದಿಲ್ಲ. ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಹಿರಿಯರ ಮುಂದೆ ಸೋಡಚೀಟಿ, ಎಂದರೆ ಮದುವೆಯಿಂದ ಬಿಡುಗಡೆಯ ಪತ್ರ, ಬರೆದುಕೊಡುವ ವಾಡಿಕೆ ಇದೆ. ರೂಢಿಗತ ವಿಚ್ಛೇದನಕ್ಕೆ ಕಾಯ್ದೆಯ 29(2)ನೇ ಕಲಮು ರಕ್ಷಣೆ ನೀಡುತ್ತದೆ ನಿಜ, ಆದರೆ ನಿಮ್ಮ ಸಮುದಾಯದಲ್ಲಿ ಅಂಥ ರೂಢಿ ಬಹುಕಾಲದಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆ ಎಂಬುದನ್ನು ಪ್ರಶ್ನೆ ಎದ್ದಾಗ ನೀವೇ ಸಾಬೀತುಪಡಿಸಬೇಕು. ಆ ಚೀಟಿಯನ್ನು ನಂಬಿ ಮರುಮದುವೆಯಾದವರು ಪಿಂಚಣಿಯ ಅಥವಾ ಆಸ್ತಿಯ ಪ್ರಶ್ನೆ ಬಂದಾಗ ಪೇಚಿಗೆ ಸಿಲುಕುತ್ತಾರೆ.

ಎರಡನೆಯ ಹಂತ: ಯಾವ ನ್ಯಾಯಾಲಯ?

ಮದುವೆ ನಡೆದ ಊರು, ದಂಪತಿ ಕೊನೆಯದಾಗಿ ಒಟ್ಟಿಗೆ ವಾಸಿಸಿದ ಊರು, ಹೆಂಡತಿ ಅರ್ಜಿದಾರಳಾಗಿದ್ದರೆ ಆಕೆ ಈಗ ವಾಸಿಸುತ್ತಿರುವ ಊರು, ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಾಲಯದಲ್ಲಾದರೂ ಅರ್ಜಿ ಸಲ್ಲಿಸಬಹುದು. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಇಬ್ಬರೂ ಅರ್ಜಿದಾರರಾದ್ದರಿಂದ ಹೆಂಡತಿಯ ಊರು ಯಾವಾಗಲೂ ಲಭ್ಯವಿರುವ ಆಯ್ಕೆ. ಕೌಟುಂಬಿಕ ನ್ಯಾಯಾಲಯವಿರುವಲ್ಲಿ ಅಲ್ಲಿಯೇ ಸಲ್ಲಿಸಬೇಕು. ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ಸಲ್ಲಿಸಬೇಕು. ಬೆಂಗಳೂರಿನವರಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಬೇಕು.

ಮೂರನೆಯ ಹಂತ: ರಾಜಿಯ ಷರತ್ತುಗಳನ್ನು ಬರೆದು ಮುಗಿಸಿ

ಈ ಹಂತಕ್ಕೆ ನಿಮ್ಮ ಸಮಯದ ಹೆಚ್ಚಿನ ಪಾಲನ್ನು ಕೊಡಿ. ಅರ್ಜಿಯ ಪಠ್ಯ ನಾಲ್ಕೈದು ಪುಟ ಮೀರುವುದಿಲ್ಲ, ಅದನ್ನು ಯಾವ ವಕೀಲರೂ ಒಂದು ಸಂಜೆಯಲ್ಲಿ ಸಿದ್ಧಪಡಿಸಬಲ್ಲರು. ಮುಂದಿನ ಹತ್ತು ಹದಿನೈದು ವರ್ಷ ನಿಮ್ಮೊಡನೆ ಉಳಿಯುವುದು ರಾಜಿ ಪತ್ರ, ಎಂದರೆ ಇಬ್ಬರ ನಡುವೆ ತೀರ್ಮಾನವಾದ ಷರತ್ತುಗಳ ಲಿಖಿತ ರೂಪ. ಮೊತ್ತ, ದಿನಾಂಕ, ಖಾತೆ, ಯಾರು ಏನನ್ನು ಯಾವಾಗ ಮಾಡಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. 'ಮುಂದೆ ಮಾತನಾಡಿ ತೀರ್ಮಾನಿಸಲಾಗುವುದು' ಎಂಬ ಸಾಲು ರಾಜಿ ಪತ್ರದಲ್ಲಿ ಕಂಡರೆ ಆ ವಿಷಯದಲ್ಲಿ ನೀವು ಇನ್ನೂ ರಾಜಿಯಾಗಿಲ್ಲ ಎಂದೇ ತಿಳಿಯಿರಿ.

ಮೊದಲಿಗೆ ಜೀವನಾಂಶ. ವಿಚ್ಛೇದನದ ನಂತರದ ಬದುಕಿಗೆಂದು ಹೆಂಡತಿಗೆ ಅಥವಾ ಗಂಡನಿಗೆ ಕೊಡುವುದಕ್ಕೆ ಶಾಶ್ವತ ಜೀವನಾಂಶ ಎನ್ನುತ್ತಾರೆ. ಕಾಯ್ದೆಯ 25ನೇ ಕಲಮು ಇಡಿಗಂಟಿಗೂ, ಎಂದರೆ ಒಂದೇ ಗಂಟಾಗಿ ಕೊಡುವುದಕ್ಕೂ, ಕಂತಿಗೂ ಅವಕಾಶ ನೀಡುತ್ತದೆ. ಜೀವನಾಂಶಕ್ಕೆ ಇಂತಿಷ್ಟು ಪಾಲು ಎಂಬ ಸೂತ್ರ ಕಾನೂನಿನಲ್ಲಿ ಇಲ್ಲ. ಸಂಬಳದ ಮೂರನೆಯ ಒಂದು, ಆಸ್ತಿಯ ಅರ್ಧ ಎಂಬ ಬೀದಿಮಾತುಗಳನ್ನು ಆಧಾರವಾಗಿ ಹಿಡಿಯಬೇಡಿ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಜೀವನಾಂಶದ ವ್ಯಾಜ್ಯಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ಅಫಿಡವಿಟ್, ಎಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆಯ ಮೂಲಕ ಬಹಿರಂಗಪಡಿಸಬೇಕೆಂದು ಹೇಳಿ ಅದರ ನಮೂನೆಯನ್ನೂ ಒದಗಿಸಿತು. ನಿಮ್ಮದು ವ್ಯಾಜ್ಯವಲ್ಲದಿದ್ದರೂ ಆ ನಮೂನೆಯನ್ನು ತುಂಬಿ ಪರಸ್ಪರ ವಿನಿಮಯ ಮಾಡಿಕೊಂಡು ಮಾತುಕತೆಗೆ ಕುಳಿತುಕೊಳ್ಳಿ ಎಂಬುದು ನನ್ನ ಸಲಹೆ. ಮುಚ್ಚಿಟ್ಟ ನಿಶ್ಚಿತ ಠೇವಣಿಯೊಂದು ಕೊನೆಯ ವಾರದಲ್ಲಿ ಹೊರಬಿದ್ದರೆ ಮೊತ್ತದ ಲೆಕ್ಕದ ಜೊತೆಗೆ ಇಡೀ ಒಪ್ಪಂದವೇ ಕುಸಿಯುತ್ತದೆ.

ಹಣ ಕೈಬದಲಾಗುವ ದಿನಗಳನ್ನು ಪ್ರಕರಣದ ಹಂತಗಳಿಗೆ ತಕ್ಕಂತೆ ಹಂಚಿ. ಅರ್ಜಿಯ ದಿನವೇ ಪೂರ್ತಿ ಹಣ ಕೊಟ್ಟ ಗಂಡನಿಗೆ, ಹೆಂಡತಿ ಮನಸ್ಸು ಬದಲಿಸಿದರೆ, ವಿಚ್ಛೇದನ ಸಿಗುವುದಿಲ್ಲ. ಡಿಕ್ರಿಯ, ಎಂದರೆ ವಿಚ್ಛೇದನ ನೀಡುವ ನ್ಯಾಯಾಲಯದ ಅಂತಿಮ ಆದೇಶದ, ನಂತರ ಕೊಡುತ್ತೇನೆಂಬ ಮಾತನ್ನು ನಂಬಿದ ಹೆಂಡತಿ ವಸೂಲಿಗಾಗಿ ಮತ್ತೊಂದು ಅರ್ಜಿ ಹಿಡಿದು ಅಲೆಯಬೇಕಾಗುತ್ತದೆ. ಅರ್ಜಿ ಸಲ್ಲಿಸುವಾಗ ಒಂದು ಭಾಗ, ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಎದುರಿನಲ್ಲೇ ಡಿಮಾಂಡ್ ಡ್ರಾಫ್ಟ್ ಮೂಲಕ ಉಳಿದ ಭಾಗ ಎಂಬ ಕ್ರಮ ಇಬ್ಬರಿಗೂ ಕ್ಷೇಮ. ನಗದು ಬೇಡವೇ ಬೇಡ. ಆದಾಯ ತೆರಿಗೆಯ ಲೆಕ್ಕದಲ್ಲಿ ತಿಂಗಳ ಕಂತು ಪಡೆಯುವವರ ಆದಾಯವೆಂದು ಪರಿಗಣಿತವಾಗುತ್ತದೆ, ಇಡಿಗಂಟು ಹಾಗಲ್ಲ ಎಂಬುದು 1983ರ ಬಾಂಬೆ ಹೈಕೋರ್ಟಿನ ತೀರ್ಪಿನಿಂದ ಬಂದ ನಿಲುವು. ಮೊತ್ತ ದೊಡ್ಡದಿದ್ದರೆ ಸಹಿ ಹಾಕುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಸ್ತ್ರೀಧನವನ್ನು ಜೀವನಾಂಶದ ಲೆಕ್ಕಕ್ಕೆ ಬೆರೆಸಬೇಡಿ. ಮದುವೆಯ ಮುಂಚೆ, ಮದುವೆಯಲ್ಲಿ, ಆಮೇಲೆ ತವರಿನಿಂದಲೋ ಅತ್ತೆಮನೆಯಿಂದಲೋ ಹೆಣ್ಣಿಗೆ ಉಡುಗೊರೆಯಾಗಿ ಬಂದ ಒಡವೆ, ಪಾತ್ರೆ, ಹಣ ಆಕೆಯ ಸ್ವಂತ ಸ್ವತ್ತು. ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೆ ಕೇವಲ ಆಕೆಯ ಪರವಾಗಿ ಕಾಪಾಡುತ್ತಿರುವವರು ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ 1985ರಲ್ಲಿ ತೀರ್ಮಾನವಾಗಿದೆ. ಒಡವೆಗಳ ಪಟ್ಟಿಯನ್ನು ತೂಕದ ಸಮೇತ ರಾಜಿ ಪತ್ರಕ್ಕೆ ಲಗತ್ತಿಸಿ, ಮರಳಿ ಪಡೆದ ದಿನ ಇಬ್ಬರೂ ಸಹಿ ಹಾಕಿ.

ಜಂಟಿ ಮನೆ ಮತ್ತು ಗೃಹಸಾಲದ ವಿಷಯದಲ್ಲಿ ಜನ ಎಡವುವುದು ಹೆಚ್ಚು. 'ಫ್ಲ್ಯಾಟು ಗಂಡನಿಗೆ, ಸಾಲವೂ ಅವನದೇ' ಎಂದು ನೀವಿಬ್ಬರೂ ಬರೆದುಕೊಂಡರೂ ಆ ಕರಾರಿಗೆ ಬ್ಯಾಂಕು ಪಕ್ಷಗಾರನಲ್ಲ. ಕಂತು ತಪ್ಪಿದರೆ ಸಹ ಸಾಲಗಾರ್ತಿಯಾದ ಮಾಜಿ ಹೆಂಡತಿಗೂ ನೋಟಿಸು ಬರುತ್ತದೆ, ಸಾಲ ಕೊಡುವವರು ನೋಡುವ ಆಕೆಯ ಸಿಬಿಲ್ ಅಂಕವೂ ಕುಸಿಯುತ್ತದೆ. ಆದ್ದರಿಂದ ಸಾಲವನ್ನು ಒಬ್ಬರ ಹೆಸರಿಗೆ ಮಾಡಿಕೊಡಲು ಬ್ಯಾಂಕು ಒಪ್ಪುತ್ತದೆಯೇ ಎಂಬುದನ್ನು ರಾಜಿಗೆ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ. ಆಸ್ತಿಯ ವಿವರವನ್ನು ಅಳತೆ, ಚಕ್ಕುಬಂದಿ, ಖಾತೆ ಸಂಖ್ಯೆಯ ಸಮೇತ ಅರ್ಜಿಯ ಷೆಡ್ಯೂಲಿನಲ್ಲಿಯೇ ಸೇರಿಸಿ: ಪ್ರಕರಣದ ವಿಷಯವಲ್ಲದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯ ಮೂಲಕ ವರ್ಗಾಯಿಸಿದರೆ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಆ ಡಿಕ್ರಿಯನ್ನು ನೋಂದಾಯಿಸಬೇಕಾಗುತ್ತದೆ, ಇಲ್ಲದಿದ್ದರೆ ಹಕ್ಕು ಪೂರ್ಣವಾಗುವುದಿಲ್ಲ.

ಮಗು ಇದ್ದರೆ ಸುಪರ್ದಿ, ಎಂದರೆ ಮಗು ಯಾರ ಬಳಿ ಬೆಳೆಯಬೇಕು ಎಂಬುದನ್ನು, ಮತ್ತು ಇನ್ನೊಬ್ಬರ ಭೇಟಿಯ ಹಕ್ಕನ್ನು ಬೇರೆ ಬೇರೆಯಾಗಿ ಬರೆಯಿರಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ, 1956 ಹೇಳುತ್ತದೆ. ಆದರೆ ಮಗುವಿನ ಹಿತವೇ ಅಂತಿಮ ಮಾನದಂಡ. 'ತಂದೆ ಆಗಾಗ ಭೇಟಿಯಾಗಬಹುದು' ಎಂಬ ವಾಕ್ಯ ಯಾವ ಉಪಯೋಗಕ್ಕೂ ಬಾರದು. ಯಾವ ವಾರಾಂತ್ಯ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಕರೆದೊಯ್ಯುವುದು ಎಲ್ಲಿಂದ, ದಸರಾ ರಜೆಯಲ್ಲಿ ಯಾರ ಬಳಿ, ಬೇಸಿಗೆ ರಜೆಯ ಮೊದಲರ್ಧ ಯಾರಿಗೆ, ದೀಪಾವಳಿ ಯಾವ ವರ್ಷ ಯಾರ ಮನೆಯಲ್ಲಿ, ವೀಡಿಯೊ ಕರೆ ವಾರಕ್ಕೆ ಎಷ್ಟು ಸಲ ಎಂಬುದನ್ನೆಲ್ಲ ನಮೂದಿಸಿ. ಪಾಸ್‌ಪೋರ್ಟಿಗೆ ಸಹಿ ಹಾಕುವ ಹೊಣೆ, ಊರು ಬಿಟ್ಟು ಬೇರೆ ರಾಜ್ಯಕ್ಕೋ ವಿದೇಶಕ್ಕೋ ಮಗುವನ್ನು ಕರೆದೊಯ್ಯುವ ಮುನ್ನ ಕೊಡಬೇಕಾದ ಸೂಚನೆ ಇವುಗಳನ್ನು ಹೆಚ್ಚಿನ ರಾಜಿ ಪತ್ರಗಳು ಮರೆಯುತ್ತವೆ. ಶಾಲಾ ಶುಲ್ಕ ವರ್ಷ ವರ್ಷ ಏರುವುದರಿಂದ ಮಗುವಿನ ಖರ್ಚಿನ ಮೊತ್ತಕ್ಕೂ ವಾರ್ಷಿಕ ಏರಿಕೆಯನ್ನು ಬರೆಯಿರಿ.

ಎಚ್ಚರಿಕೆ: 'ಮಗುವಿಗೆ ಜೀವನಾಂಶ ಕೇಳುವುದಿಲ್ಲ' ಎಂದು ತಾಯಿ ಬರೆದುಕೊಟ್ಟರೂ ಅದು ಮಗುವಿನ ಹಕ್ಕನ್ನು ಕಳೆಯುವುದಿಲ್ಲ. ಆ ಹಕ್ಕು ಮಗುವಿನದು, ಚೌಕಾಶಿಯಲ್ಲಿ ಬಿಟ್ಟುಕೊಡಲು ತಂದೆತಾಯಿಗೆ ಅಧಿಕಾರವಿಲ್ಲ. ಸುಪರ್ದಿಯ ಆದೇಶವನ್ನೂ ಪರಿಸ್ಥಿತಿ ಬದಲಾದರೆ 26ನೇ ಕಲಮಿನಡಿ ನ್ಯಾಯಾಲಯ ಮಾರ್ಪಡಿಸಬಹುದು.

ಕೊನೆಯದಾಗಿ, ಬಾಕಿ ಇರುವ ಕೇಸುಗಳು. ಜೀವನಾಂಶದ ಅರ್ಜಿಯನ್ನೋ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಯನ್ನೋ ಹಾಕಿದವರು ಹಿಂತೆಗೆದುಕೊಳ್ಳಬಹುದು. ಕ್ರೌರ್ಯದ ಆರೋಪದ ಕ್ರಿಮಿನಲ್ ಪ್ರಕರಣ ಹಾಗಲ್ಲ. ಹಳೆಯ ದಂಡ ಸಂಹಿತೆಯ 498ಎ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು, ಇವೆರಡೂ ಕರ್ನಾಟಕದಲ್ಲಿ ಪಕ್ಷಗಾರರೇ ರಾಜಿಮಾಡಿಕೊಳ್ಳಬಹುದಾದ ಅಪರಾಧಗಳಲ್ಲ. ಅಲ್ಲಿ ಫಿರ್ಯಾದಿ ನೀವಾದರೂ ಪ್ರಕರಣ ನಡೆಸುವುದು ಸರ್ಕಾರ. ರಾಜಿಯ ಆಧಾರದ ಮೇಲೆ ಅದನ್ನು ರದ್ದುಪಡಿಸುವ ಅಧಿಕಾರ ಹೈಕೋರ್ಟಿನದು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ. ಆದ್ದರಿಂದ 'ಕೇಸು ವಾಪಸು ಪಡೆಯುತ್ತೇನೆ' ಎಂದು ಬರೆಯುವ ಬದಲು, ಇಂತಿಷ್ಟು ದಿನದೊಳಗೆ ಹೈಕೋರ್ಟಿನಲ್ಲಿ ರದ್ದತಿಯ ಅರ್ಜಿಗೆ ಬೇಕಾದ ಅಫಿಡವಿಟ್‌ಗೆ ಸಹಿ ಮಾಡಿ ಕೊಡುತ್ತೇನೆ, ಕರೆದ ದಿನ ಹಾಜರಾಗುತ್ತೇನೆ ಎಂದು ಬರೆಸಿ. ಪ್ರತಿ ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು ರಾಜಿ ಪತ್ರದಲ್ಲಿರಲಿ.

ನಾಲ್ಕನೆಯ ಹಂತ: ದಾಖಲೆಗಳು

ಲಗ್ನಪತ್ರಿಕೆ, ಮದುವೆಯ ಫೋಟೋ, ನೋಂದಣಿಯಾಗಿದ್ದರೆ ವಿವಾಹ ನೋಂದಣಿ ಪ್ರಮಾಣಪತ್ರ, ಇಬ್ಬರ ಗುರುತಿನ ಮತ್ತು ವಿಳಾಸದ ದಾಖಲೆ, ಭಾವಚಿತ್ರಗಳು, ಮಕ್ಕಳ ಜನನ ಪ್ರಮಾಣಪತ್ರ, ಆಸ್ತಿ ಪತ್ರಗಳ ನಕಲು, ಹಿಂದಿನ ಪ್ರಕರಣಗಳ ಪ್ರತಿಗಳು. ಮದುವೆ ನೋಂದಣಿಯಾಗಿಲ್ಲ ಎಂಬ ಕಾರಣಕ್ಕೆ ಅರ್ಜಿ ನಿಲ್ಲುವುದಿಲ್ಲ. ಹೆಸರಿನ ಕಾಗುಣಿತ ಎಲ್ಲ ದಾಖಲೆಗಳಲ್ಲಿ ಒಂದೇ ಆಗಿದೆಯೇ ನೋಡಿಕೊಳ್ಳಿ, ಏಕೆಂದರೆ ಡಿಕ್ರಿಯಲ್ಲಿ ಅಚ್ಚಾದ ತಪ್ಪನ್ನು ತಿದ್ದಿಸಲು ಮತ್ತೆ ಅರ್ಜಿ ಹಾಕಬೇಕು.

ಐದನೆಯ ಹಂತ: ಅರ್ಜಿ ಮತ್ತು ಮೊದಲ ಹಾಜರಿ

ಇಬ್ಬರೂ ಸಹಿ ಮಾಡಿ, ಅಫಿಡವಿಟ್ ಲಗತ್ತಿಸಿ ಸಲ್ಲಿಸಿದ ಅರ್ಜಿಗೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ಸಂಖ್ಯೆ ಸಿಗುತ್ತದೆ, ಅದನ್ನಿಟ್ಟುಕೊಂಡು ಇ-ಕೋರ್ಟ್ಸ್ ತಾಣದಲ್ಲಿ ವಾಯಿದೆಯ ದಿನವನ್ನು, ಎಂದರೆ ಮುಂದಿನ ವಿಚಾರಣೆಯ ದಿನವನ್ನು, ನೀವೇ ನೋಡಿಕೊಳ್ಳಬಹುದು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ ಪ್ರಕಾರ ವಕೀಲರ ಮೂಲಕವೇ ಬರುವುದು ಹಕ್ಕಲ್ಲ, ನ್ಯಾಯಾಲಯದ ಅನುಮತಿಯಿಂದ ಬರುವುದು. ರೂಢಿಯಲ್ಲಿ ಅನುಮತಿ ಸಿಗುತ್ತದೆ. ಇಬ್ಬರಿಗೂ ಒಬ್ಬರೇ ವಕೀಲರಿದ್ದರೆ ಖರ್ಚು ಉಳಿಯುತ್ತದೆ ನಿಜ, ಆದರೆ ಆಸ್ತಿಯೋ ಮಗುವೋ ಇರುವಾಗ ರಾಜಿ ಪತ್ರವನ್ನು ನಿಮ್ಮ ಪರವಾಗಿ ಮಾತ್ರ ಓದುವ ಇನ್ನೊಬ್ಬರಿಗೆ ಒಮ್ಮೆ ತೋರಿಸಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, 15100 ಸಂಖ್ಯೆಗೆ ಕರೆ ಮಾಡಬಹುದು.

ರಾಜಿಯ ಪ್ರಯತ್ನ ಮಾಡುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯವಾದ್ದರಿಂದ ನಿಮ್ಮನ್ನು ಮಧ್ಯಸ್ಥಿಕೆಗೆ ಕಳುಹಿಸಬಹುದು. ಮಧ್ಯಸ್ಥಿಕೆ ಎಂದರೆ ತರಬೇತಿ ಪಡೆದ ತಟಸ್ಥ ವ್ಯಕ್ತಿಯೊಬ್ಬರು ಇಬ್ಬರನ್ನೂ ಕೂರಿಸಿ ಮಾತನಾಡಿಸುವುದು. ಅವರು ತೀರ್ಪು ಕೊಡುವವರಲ್ಲ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಒಪ್ಪಿಯೇ ಬಂದವರು ಇದನ್ನು ಕಾಲಹರಣವೆಂದು ಗೊಣಗುತ್ತಾರೆ, ಆದರೆ ಮನೆಯಲ್ಲಿ ಬರೆದ ರಾಜಿ ಪತ್ರದ ತೂತುಗಳು ಎಷ್ಟೋ ಸಲ ಕಾಣಿಸುವುದು ಅಲ್ಲಿಯೇ.

ಆರನೆಯ ಹಂತ: ಆರು ತಿಂಗಳ ಪ್ರಶ್ನೆ

ಅರ್ಜಿ ಸಲ್ಲಿಸಿದ ದಿನದಿಂದ ಆರು ತಿಂಗಳಿಗಿಂತ ಮೊದಲಲ್ಲದೆ, ಹದಿನೆಂಟು ತಿಂಗಳಿಗಿಂತ ತಡವಲ್ಲದೆ ಇಬ್ಬರೂ ಮತ್ತೆ ಕೋರಿಕೆ ಮುಂದಿಡಬೇಕೆಂಬುದು 13ಬಿ(2)ರ ನಿಯಮ. ಮನಸ್ಸು ಬದಲಿಸಲು ಕೊಟ್ಟಿರುವ ಅವಧಿ ಅದು. ಅಮರದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಸೆಪ್ಟೆಂಬರ್ 12ರಂದು, ಈ ಆರು ತಿಂಗಳು ಕಡ್ಡಾಯವಲ್ಲ, ತಕ್ಕ ಪ್ರಕರಣದಲ್ಲಿ ನ್ಯಾಯಾಲಯವೇ ಮನ್ನಾ ಮಾಡಬಹುದು ಎಂದು ಹೇಳಿತು. ತಲೆಬರಹಗಳು ಇಲ್ಲಿಗೇ ನಿಂತವು. ತೀರ್ಪು ನಾಲ್ಕು ಸಂಗತಿಗಳನ್ನು ನೋಡಬೇಕೆನ್ನುತ್ತದೆ: ಒಂದು ವರ್ಷದ ಮೇಲೆ ಆ ಆರು ತಿಂಗಳೂ ಅರ್ಜಿಗೆ ಮೊದಲೇ ಕಳೆದಿರಬೇಕು, ಸಂಧಾನದ ಯತ್ನಗಳೆಲ್ಲ ವಿಫಲವಾಗಿರಬೇಕು, ಜೀವನಾಂಶ, ಸುಪರ್ದಿ ಮೊದಲಾದವು ನಿಜವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯಿಸಿದರೆ ಸಂಕಟ ಬೆಳೆಯುವುದಷ್ಟೇ ಆಗಬೇಕು.

ಲೆಕ್ಕ ಹಾಕಿ ನೋಡಿ. 2024ರ ಜನವರಿಯಲ್ಲಿ ಬೇರೆಯಾದ ದಂಪತಿ 2025ರ ಮಾರ್ಚಿನಲ್ಲಿ ಅರ್ಜಿ ಹಾಕಿದರೆ ಆಗಿರುವುದು 14 ತಿಂಗಳು, 18 ಆಗಿಲ್ಲ. ಅವರಿಗೆ ಮನ್ನಾ ಸುಲಭವಲ್ಲ. ಅಮಿತ್ ಕುಮಾರ್ ವಿರುದ್ಧ ಸುಮನ್ ಬೆನಿವಾಲ್ ಪ್ರಕರಣದಲ್ಲಿ 2021ರಲ್ಲಿ, ಈ ನಾಲ್ಕು ಅಂಶಗಳು ದಾರಿ ತೋರುವ ಉದಾಹರಣೆಗಳು, ಪಟ್ಟಿ ಅಲ್ಲಿಗೇ ಮುಗಿದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದರಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಆಗ ವಿಶೇಷ ಕಾರಣವನ್ನು ನೀವು ತೋರಿಸಬೇಕು. ಅರ್ಹರಾದವರು ಮೊದಲ ಹಾಜರಿಯ ಒಂದು ವಾರದ ನಂತರ ಕಾರಣಗಳೊಂದಿಗೆ ಮನ್ನಾ ಅರ್ಜಿ ಸಲ್ಲಿಸಬಹುದು. ಮೂರನೆಯ ಅಂಶವನ್ನು ಗಮನಿಸಿ: ರಾಜಿ ಪತ್ರ ಅರೆಬರೆಯಾಗಿದ್ದರೆ ಮನ್ನಾ ಕೇಳುವ ಆಧಾರವೇ ಕುಸಿಯುತ್ತದೆ.

ಶಿಲ್ಪಾ ಶೈಲೇಶ್ ಪ್ರಕರಣದ 2023ರ ಮೇ 1ರ ಸಂವಿಧಾನ ಪೀಠದ ತೀರ್ಪನ್ನೂ ಬಹಳ ಜನ ತಪ್ಪಾಗಿ ಉಲ್ಲೇಖಿಸುತ್ತಾರೆ. ಮತ್ತೆ ಕೂಡಿಸಲಾಗದಷ್ಟು ಮುರಿದುಬಿದ್ದ ಮದುವೆಯನ್ನು ರದ್ದುಗೊಳಿಸಬಹುದೆಂದು ಅಲ್ಲಿ ಹೇಳಿರುವುದು ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರದ ಬಗ್ಗೆ. ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. ಅದನ್ನೇ ಕೇಳಿಕೊಂಡು ನೇರವಾಗಿ ದೆಹಲಿಗೆ ಹೋಗಲು ದಂಪತಿಗೆ ಅವಕಾಶವೂ ಇಲ್ಲ ಎಂದು ಅದೇ ತೀರ್ಪು ಹೇಳುತ್ತದೆ.

ಏಳನೆಯ ಹಂತ: ಕೊನೆಯ ಹೇಳಿಕೆ

ಆ ದಿನ ಇಬ್ಬರೂ ಹಾಜರಾಗಿ, ಒಪ್ಪಿಗೆ ಸ್ವಂತ ಇಚ್ಛೆಯದು, ಒತ್ತಾಯವಿಲ್ಲ, ಷರತ್ತುಗಳು ಪಾಲನೆಯಾಗಿವೆ ಎಂದು ಹೇಳಬೇಕು. ಒಪ್ಪಿಗೆ ಡಿಕ್ರಿಯ ಕ್ಷಣದವರೆಗೂ ಉಳಿದಿರಬೇಕೆಂದು ಸ್ಮೃತಿ ಪಹಾರಿಯಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಪುನರುಚ್ಚರಿಸಿದೆ. ಒಬ್ಬರು ಹಿಂದೆ ಸರಿದರೆ ಅವರನ್ನು ಬಲವಂತದಿಂದ ಒಪ್ಪಿಸಲಾಗದು, ಒಬ್ಬರು ಬಾರದೇ ಇದ್ದರೆ ಆ ಮೌನವನ್ನು ಒಪ್ಪಿಗೆಯೆಂದು ತಿಳಿಯುವಂತೆಯೂ ಇಲ್ಲ. ಹಣವನ್ನು ಹಂತಹಂತವಾಗಿ ಕೊಡಬೇಕೆಂದು ಮೇಲೆ ಹೇಳಿದ್ದು ಈ ಕಾರಣಕ್ಕೆ.

ವಿದೇಶದಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಪ್ರಕರಣಕ್ಕೆಂದೇ ಸೀಮಿತವಾದ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಬಹುದು. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಈ ಗಡುವನ್ನು ಮರೆತವರು ಬಹಳ. ಸ್ವತಃ ಹೇಳಿಕೆ ಕೊಡಬೇಕಾದಾಗ ವೀಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು. ಊರಿನಲ್ಲಿ ಧಾರೆ ಎರೆಸಿಕೊಂಡ ಮದುವೆಗೆ ಅಮೆರಿಕದ ನ್ಯಾಯಾಲಯದಿಂದ ಏಕಪಕ್ಷೀಯವಾಗಿ ತಂದ ವಿಚ್ಛೇದನ ಇಲ್ಲಿ ಸಿಂಧುವಾಗದೇ ಹೋಗಬಹುದು. ನರಸಿಂಹ ರಾವ್ ಪ್ರಕರಣದ 1991ರ ತೀರ್ಪು ಅದಕ್ಕೆ ಬಿಗಿಯಾದ ಷರತ್ತುಗಳನ್ನು ಹಾಕಿದೆ.

ಎಂಟನೆಯ ಹಂತ: ಡಿಕ್ರಿಯ ನಂತರ

ತೀರ್ಪು ಓದಿದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ತೀರ್ಪು ಮತ್ತು ಡಿಕ್ರಿ ಎರಡಕ್ಕೂ, ಕನಿಷ್ಠ ಮೂರು ಪ್ರತಿಗಳಿಗೆ. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲವೆಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19(2)ನೇ ಕಲಮು ಹೇಳುತ್ತದೆ. ನಿಮ್ಮ ಡಿಕ್ರಿ ಹಿರಿಯ ಸಿವಿಲ್ ನ್ಯಾಯಾಧೀಶರದಾಗಿದ್ದರೆ ಮರುಮದುವೆಗೆ ಮೊದಲು ಹಿಂದೂ ವಿವಾಹ ಕಾಯ್ದೆಯ ಮೇಲ್ಮನವಿ ಅವಧಿಯಾದ 90 ದಿನ ಕಳೆಯಲು ಬಿಡುವುದು ಕ್ಷೇಮ.

ನಂತರ ಭವಿಷ್ಯ ನಿಧಿ, ವಿಮೆ, ಬ್ಯಾಂಕ್ ಖಾತೆ, ಮ್ಯೂಚುವಲ್ ಫಂಡ್, ಲಾಕರುಗಳ ನಾಮನಿರ್ದೇಶನವನ್ನು ಬದಲಿಸಿ. ಡಿಕ್ರಿ ಆಯಿತೆಂದು ನಾಮಿನಿಯ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ, ಎಷ್ಟೋ ವರ್ಷಗಳ ನಂತರ ಸಾವಿನ ಮನೆಯಲ್ಲಿ ಅದು ಹೊಸ ವ್ಯಾಜ್ಯವಾಗಿ ಏಳುತ್ತದೆ. ಉಯಿಲು ಬರೆದಿದ್ದರೆ ಅದನ್ನೂ ತೆಗೆದು ನೋಡಿ. ಪಾಸ್‌ಪೋರ್ಟಿನಲ್ಲಿರುವ ಸಂಗಾತಿಯ ಹೆಸರನ್ನು ತೆಗೆಸಲು ದೃಢೀಕೃತ ಡಿಕ್ರಿ ಬೇಕಾಗುತ್ತದೆ. ಮಗು ಯಾರ ಬಳಿ ಇರುತ್ತದೋ ಅವರು ಸುಪರ್ದಿಯ ಷರತ್ತುಗಳಿರುವ ಪುಟಗಳ ಪ್ರತಿಯನ್ನು ಶಾಲೆಯ ಕಚೇರಿಗೂ ಕೊಟ್ಟು, ಮಗುವನ್ನು ಕರೆದೊಯ್ಯಲು ಯಾರ್ಯಾರಿಗೆ ಅಧಿಕಾರವಿದೆ ಎಂಬುದನ್ನು ಅಲ್ಲಿ ಬರೆಸಿಡಬೇಕು.